ಊಟದ ಮೇಲೆ ಚಹಾ ಬೇಡ, ಲಿಂಬೆ ಇರಲಿ

ವಿಜಯಪುರದ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ, ಮೆಂತ್ಯ ಪಲ್ಲೆ, ಕಾಳು ದಿನಾ ಇರುತ್ತೆ. ಆದರೂ ನಮ್ಮ ವೈನಿಗೆ (ಅಣ್ಣನ ಹೆಂಡತಿಗೆ) ರಕ್ತ ಕಡಿಮೆ ಅಂದ್ರು ಡಾಕ್ಟರ್. ಆಮೇಲೆ ಗಮನಿಸಿದೆ, ಉಂಡು ಕೈ ತೊಳೆದ ಕೂಡಲೇ ಅವರಿಗೆ ಒಂದು ಕಪ್ ಕಡಕ್ ಚಹಾ ಬೇಕೇ ಬೇಕು.

ರಕ್ತಕ್ಕೆ ಬೇಕಾದ ಕಬ್ಬಿಣದ ಅಂಶ ತಟ್ಟೆಯಲ್ಲಿದ್ದರೆ ಸಾಲದು ಅಲ್ವಾ, ಸಣ್ಣ ಕರುಳಿನ ಜೀವಕೋಶದೊಳಗೆ ಹೋಗಬೇಕು. ಅಲ್ಲಿ ಡಿಎಂಟಿ1 ಅನ್ನೋ ಪ್ರೋಟೀನ್ ಬಾಗಿಲಿನ ಹಾಗೆ ಇದೆ. ಸೊಪ್ಪು, ಕಾಳಿನ ಕಬ್ಬಿಣ ಇದ್ದ ರೂಪದಲ್ಲೇ ಅದನ್ನ ದಾಟಲ್ಲ, ಸ್ವಲ್ಪ ಬದಲಾಗಬೇಕು, ಅದಕ್ಕೆ ವಿಟಮಿನ್ ಸಿ ಸಹಾಯ ಮಾಡುತ್ತೆ. ಚಹಾದಲ್ಲಿರೋ ಒಗರು ಟ್ಯಾನಿನ್ ಮಾತ್ರ ಕಬ್ಬಿಣವನ್ನ ಹಿಡಿದಿಟ್ಟುಕೊಳ್ಳುತ್ತೆ, ತುಂಬಾ ಭಾಗ ಸುಮ್ನೆ ಹೊರಗೆ ಹೋಗುತ್ತೆ.

ಹಾಗಾಗಿ ಪಲ್ಲೆ ಒಲೆಯಿಂದ ಇಳಿಸಿದ ಮೇಲೆ ನಮ್ಮ ಇಂಡಿ ತಾಲೂಕಿನ ಲಿಂಬೆ ಅರ್ಧ ಹಿಂಡಿ. ಕುದಿಯುವಾಗ ಹಾಕಬೇಡಿ, ಬಿಸಿಗೆ ವಿಟಮಿನ್ ಸಿ ಹಾಳಾಗುತ್ತೆ. ಚಹಾ ಊಟಕ್ಕೆ 1 ಗಂಟೆ ಮೊದಲು ಅಥವಾ 1 ಗಂಟೆ ಆದಮೇಲೆ ಕುಡೀರಿ. ಹೆಸರು, ಮಡಕಿ ಕಾಳನ್ನ ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣವನ್ನ ತಡೆಯೋ ಫೈಟೇಟ್ ಕಡಿಮೆಯಾಗುತ್ತೆ. ಬಸುರಿ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು, ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ, ನಡುವೆ 2 ಗಂಟೆಯಾದರೂ ಬಿಡಿ.