ಏಳು ಅಂತಸ್ತು ಎಣಿಸುತ್ತಾ ವಿಜಯಪುರದ ಗೋಡೆ ನೋಡಿದ್ದು

ವಿಜಯಪುರದಲ್ಲಿ ಗೋಡೆ ಮೇಲೆ ಚಿತ್ರ ಬರೆಯುವವರು ಏನು ಬಿಟ್ಟರೂ ಗೋಳಗುಮ್ಮಟ ಬಿಡುವುದಿಲ್ಲ. ಶಾಲೆ ಕಾಂಪೌಂಡು, ಅಂಗನವಾಡಿ, ಸಲೂನಿನ ಶಟರ್, ಎಲ್ಲ ಕಡೆ ಅದೇ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಒಂದು ಭಾನುವಾರ ಸುಮ್ನೆ ಒಂದು ಆಟ ಶುರು ಮಾಡಿದೆ. ಚಿತ್ರದಲ್ಲಿರುವ ಗುಮ್ಮಟದ ಮೂಲೆಯ ಮಿನಾರಿಗೆ ಎಷ್ಟು ಅಂತಸ್ತು ಅಂತ ಎಣಿಸುವುದು. ನಿಜವಾದ ಕಟ್ಟಡದಲ್ಲಿ ಏಳು. ಗೋಡೆಗಳ ಮೇಲೆ ಐದು ಸಿಕ್ಕಿತು, ಆರು ಸಿಕ್ಕಿತು, ಒಂದು ಕಿರಾಣಿ ಅಂಗಡಿ ಪಕ್ಕ ಒಂಬತ್ತೂ ಸಿಕ್ಕಿತು! ಗುಮ್ಮಟದ ಬುಡದಲ್ಲಿ ಸುತ್ತ ಕಮಲದ ಎಸಳುಗಳಿವೆ, ಅದನ್ನಂತೂ ಬಹಳ ಜನ ಮರೆತೇ ಬಿಟ್ಟಿರುತ್ತಾರೆ.

ಆಟ ಆಟದಲ್ಲೇ ಓಣಿ ಓಣಿ ತಿರುಗುವ ಚಟ ಹತ್ತಿತು. ಜಾಮಿಯಾ ಮಸೀದಿಯಿಂದ ಅಸರ್ ಮಹಲ್ ತನಕದ ಸಂದಿಗಳು ನನಗೆ ಸಾಕು, ಅದರಾಚೆ ಇನ್ನೂ ಹೋಗಿಲ್ಲ.

ಮೊದಲ ಎರಡು ಭಾನುವಾರ ಹಾಳು. ನಾಷ್ಟಾ ಮುಗಿಸಿ ಹನ್ನೊಂದಕ್ಕೆ ಹೊರಟಿದ್ದೆ. ನಮ್ಮೂರ ಬಿಸಿಲು ಗೊತ್ತಲ್ವಾ. ತೆಗೆದ ಫೋಟೋದಲ್ಲೆಲ್ಲ ಕರೆಂಟ್ ವೈರಿನ ನೆರಳು, ಚಿತ್ರದ ಮುಖಕ್ಕೆ ಗೀರು ಎಳೆದ ಹಾಗೆ. ಈಗ ಬೆಳಗ್ಗೆ ಆರೂವರೆಗೆ ಹೋಗುತ್ತೇನೆ. ಮೋಡದ ದಿನ ಸಿಕ್ಕರೆ ಇನ್ನೂ ಚಲೋ. ಸಂದಿಯಲ್ಲಿ ಹಿಂದೆ ಸರಿಯಲು ಜಾಗ ಇರುವುದಿಲ್ಲ. ಫೋನಿನ ವೈಡ್ ಲೆನ್ಸ್ ಹಾಕಿದರೆ ಗುಮ್ಮಟ ಕುಂಬಳಕಾಯಿ ಆಗುತ್ತದೆ. ಅದಕ್ಕೇ ಒಂದೊಂದು ಗೋಡೆಯನ್ನು ಮೂರು ತುಂಡು ಮಾಡಿ, ನೇರ ನಿಂತು ತೆಗೆಯುತ್ತೇನೆ.

ಇನ್ನೊಂದು ಪಾಠ ಒಬ್ಬ ಅಜ್ಜಿ ಕಲಿಸಿದಳು. ನೋಟ್‌ಬುಕ್ ಹಿಡಿದು ಅವಳ ಮನೆ ಕಾಂಪೌಂಡಿನ ಉದ್ದ ಬರೆದುಕೊಳ್ಳುತ್ತಿದ್ದೆ. ಬಾಗಿಲಿಗೆ ಬಂದು ಕೇಳಿದಳು: "ಯಾವ ಆಫೀಸಿನವ್ರಪಾ ನೀವು? ರಸ್ತಾ ಅಗಲ ಮಾಡಾವ್ರೇನು?" ಅವಳ ಮುಖದಲ್ಲಿದ್ದ ಗಾಬರಿ ನೋಡಿ ನನಗೇ ನಾಚಿಕೆ ಆಯಿತು. "ಇಲ್ಲಬೇ ಯವ್ವಾ, ನಾ ಸಾಲಿ ಮಾಸ್ತರ" ಅಂದೆ. ಅವತ್ತಿನಿಂದ ನೋಟ್‌ಬುಕ್ ಚೀಲದಲ್ಲಿ. ಮೊದಲು ಮಾತು, ಆಮೇಲೆ ಫೋಟೋ.

ತಿರುಗಿ ತಿರುಗಿ ಗೊತ್ತಾಗಿದ್ದು ಏನಂದರೆ, ಚಿತ್ರದ ನಡುಭಾಗಕ್ಕಿಂತ ಅಂಚಿನಲ್ಲಿ ನೋಡುವುದು ಜಾಸ್ತಿ ಇರುತ್ತದೆ. ಬಣ್ಣ ಸುಲಿದ ಕಡೆ ಕೆಳಗಿನ ಪದರ ಕಾಣುತ್ತದೆ. ಒಂದು ಕಾಂಪೌಂಡಿನಲ್ಲಿ ಮೇಲೆ ಸ್ವಚ್ಛತೆಯ ಘೋಷಣೆ, ಅದರ ಕೆಳಗೆ ಪಂಪ್‌ಸೆಟ್ ಜಾಹೀರಾತಿನ ನೀಲಿ ಅಕ್ಷರ, ಅದರ ಕೆಳಗೆ ಸುಣ್ಣ, ಸುಣ್ಣದ ಕೆಳಗೆ ಕರಿಕಲ್ಲು. ಬಲಗಡೆ ಕೆಳಮೂಲೆಯಲ್ಲಿ ಹುಲ್ಲು ಸರಿಸಿದರೆ ಬರೆದವರ ಹೆಸರು, ಮುಂದೆ 'ಆರ್ಟ್ಸ್' ಅಂತ ಒಂದು ಪದ, ಮೊಬೈಲ್ ನಂಬರು. ಒಂಬತ್ತು ಅಂತಸ್ತಿನ ಗೋಳಗುಮ್ಮಟದ ಕೆಳಗೂ ಇತ್ತು. ಫೋನ್ ಹಚ್ಚಿದೆ.

ಪೇಂಟರ್ ಕಾಕಾಗೆ ಅರವತ್ತರ ಆಸುಪಾಸು. ಮೊದಲು ಅಂಗಡಿ ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದು ಆ ಕೆಲಸ ನುಂಗಿತು, ಗೋಡೆ ಮಾತ್ರ ಉಳಿಯಿತು. ಒಂಬತ್ತು ಅಂತಸ್ತು ಯಾಕೆ ಅಂತ ಕೇಳಿದೆ. "ಗ್ವಾಡಿ ಎತ್ತರ ಇತ್ರಿ ಸರ. ಮ್ಯಾಲ ಜಾಗಾ ಉಳೀತು" ಅಂದರು.

ಒಂದು ಸರ್ಕಾರಿ ಶಾಲೆಯ ಗೋಡೆಗೆ ರೈಲು ಡಬ್ಬಿ ಬರೆಯುವ ಕೆಲಸ ಹಿಡಿದಿದ್ದರು. ಅರ್ಧ ದಿನ ಜೊತೆಗೆ ನಿಂತೆ. ಮೊದಲು ಬ್ರಶ್ ಮುಟ್ಟಲಿಲ್ಲ. ಅಂಗೈಯಿಂದ ಗೋಡೆ ಸವರಿದರು. ಒಂದು ಕಡೆ ಕೈಗೆ ಬಿಳಿ ಪುಡಿ ಹತ್ತಿತು. "ಸವಳು ಅದರೀ. ಇಲ್ಲಿ ಬಣ್ಣ ನಿಲ್ಲಂಗಿಲ್ಲ." ಅಷ್ಟು ಜಾಗ ಕೆರೆದು ಬಿಟ್ಟರು. ಆಮೇಲೆ ದಾರವನ್ನು ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ, ಒಂದು ತುದಿ ನನ್ನ ಕೈಗೆ ಕೊಟ್ಟರು. ಎಳೆದು ಹಿಡಿದು ನಡುವೆ ಚಿವುಟಿ ಬಿಟ್ಟರೆ ಫಟ್ ಅಂತ ಸದ್ದು, ಗೋಡೆ ಮೇಲೆ ಎರಡಾಳುದ್ದದ ನೇರ ಗೆರೆ. ಹಾಗೇ ಅಡ್ಡ, ಹಾಗೇ ಉದ್ದ. ಕೈಯಲ್ಲಿದ್ದ ಕಾಗದದ ಚಿತ್ರಕ್ಕೂ ಚೌಕ, ಗೋಡೆಗೂ ಚೌಕ. ಕಾಗದದ ಒಂದು ಇಂಚಿಗೆ ಗೋಡೆಯ ಒಂದು ಅಡಿ. ನಾನು ಮಕ್ಕಳಿಗೆ ವರ್ಷಗಟ್ಟಲೆ ಕಲಿಸಿದ್ದೂ ಇದನ್ನೇ. ಆದರೆ ಸ್ಕೇಲು ಪೆನ್ಸಿಲ್ಲಿನ ಚೌಕಕ್ಕೂ ಈ ಫಟ್ ಸದ್ದಿಗೂ ಹೋಲಿಕೆಯೇ ಇಲ್ಲ.

ಹಳೇ ಗೋಡೆಗಳಲ್ಲಿ ಗಿಡದ ಎಲೆಗಳು ಯಾಕೆ ನೀಲಿ ಅಂತ ಬಹಳ ದಿನದಿಂದ ತಲೆ ಕೆಡಿಸಿಕೊಂಡಿದ್ದೆ. ಯಾರೋ ಮಾಡರ್ನ್ ಆರ್ಟ್ ಮಾಡಿದ್ದಾರೆ ಅಂದುಕೊಂಡಿದ್ದೆ! ಕಾಕಾ ನಕ್ಕರು. ಹಳದಿ, ನೀಲಿ ಕಲಸಿ ಹಸಿರು ಮಾಡಿರುತ್ತಾರೆ. "ಬಿಸಲಿಗೆ ಹಳದಿ ಓಡಿ ಹೋಗ್ತದ, ನೀಲಿ ಕುಂತಿರ್ತದ." ಕೆಂಪೂ ಬೇಗ ಸೋಲುತ್ತದೆ. ಈಗ ನೋಟ್‌ಬುಕ್ಕಿನಲ್ಲಿ ಪ್ರತಿ ಗೋಡೆಯ ಮುಂದೆ ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಅಂತಲೂ ಬರೆಯುತ್ತೇನೆ.

ಈ ಕಣ್ಣು ಇಟ್ಟುಕೊಂಡು ಅಸರ್ ಮಹಲಿಗೆ ಮತ್ತೆ ಹೋದೆ. 1646ರ ಸುಮಾರಿಗೆ ಮಹಮ್ಮದ್ ಆದಿಲ್‌ಶಾಹ ನ್ಯಾಯ ಹೇಳಲಿಕ್ಕೆ ಕಟ್ಟಿಸಿದ ಮಹಲು. ಮೇಲಿನ ಕೋಣೆಗಳ ಗೋಡೆಗೆ ಹೂದಾನಿ, ಬಳ್ಳಿ. ಜಾಮಿಯಾ ಮಸೀದಿಯ ಮಿಹ್ರಾಬಿನ, ಅಂದರೆ ನಮಾಜಿನ ದಿಕ್ಕು ತೋರಿಸುವ ಗೋಡೆಯ ಕಮಾನಿನ, ಚಿತ್ರ ಅದಕ್ಕೂ ಹಿಂದಿನದು, 1636. ಬಂಗಾರದ ಬಣ್ಣ ಹೊಡೆದು, ಇಲ್ಲದ ಗೂಡು ಇದ್ದ ಹಾಗೆ ತೋರಿಸಿ, ಆ ಗೂಡಿನಲ್ಲಿ ಪುಸ್ತಕ ಜೋಡಿಸಿಟ್ಟ ಹಾಗೆ ಬರೆದಿದ್ದಾರೆ. ಕೈ ಚಾಚಿ ಒಂದು ಪುಸ್ತಕ ತೆಗೆಯೋಣ ಅನಿಸುತ್ತದೆ. ಶಾಲೆ ಗೋಡೆಯಲ್ಲಿ ರೈಲಿನ ಕಿಟಕಿ ಬರೆಯುವುದೂ ಅದೇ ಚಮತ್ಕಾರ ಅಲ್ವಾ? ನಮಾಜು ನಡೆಯುವ ಜಾಗ, ಹೊತ್ತು ನೋಡಿ, ಕೇಳಿಕೊಂಡು ಒಳಗೆ ಹೋಗಬೇಕು. ಸಿಂದಗಿ ದಾರಿಯ ಕುಮಟಗಿಯಲ್ಲೂ ಆದಿಲ್‌ಶಾಹಿ ಕಾಲದ ಗೋಡೆಚಿತ್ರಗಳಿವೆ, ಕುದುರೆ ಮೇಲೆ ಚೆಂಡಾಡುವವರ ಚಿತ್ರ ಸಹಿತ. ಬಹಳ ಅಳಿಸಿವೆ, ತಡ ಮಾಡದೆ ನೋಡಿ ಬನ್ನಿ.

ಒಂದು ಗೋಡೆ ನನ್ನ ಕಣ್ಣೆದುರೇ ಹೋಯಿತು. ಚುನಾವಣೆ ಹೊತ್ತಿಗೆ ಪಕ್ಷಗಳ ಗೋಡೆಬರಹಕ್ಕೆಲ್ಲ ಸುಣ್ಣ ಬಳಿಯುತ್ತಾರಲ್ಲ, ಬಳಿಯುವ ಹುಡುಗ ಕೈ ನಿಲ್ಲಿಸದೆ ಪಕ್ಕದಲ್ಲಿದ್ದ ಕಿತ್ತೂರು ಚನ್ನಮ್ಮನನ್ನೂ ಕುದುರೆ ಸಮೇತ ಬಳಿದುಬಿಟ್ಟಿದ್ದ. ಅದೂ ಕಾಕಾ ಬರೆದದ್ದೇ. ನನ್ನ ಫೋನಿನಲ್ಲಿ ಮೂರು ತುಂಡು ಫೋಟೋ ಇತ್ತು. ಅವರ ಮಗನ ವಾಟ್ಸಾಪ್‌ಗೆ ಕಳಿಸಿದೆ. ಬೇಜಾರು ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಸಂಜೆ ಫೋನ್ ಬಂತು.

"ಕುದುರಿ ಹಿಂದಿನ ಕಾಲು ಕುಂಟ ಆಗೇದಲ್ರೀ ಸರ. ಇಷ್ಟು ವರ್ಷ ಗ್ವಾಡಿ ಮ್ಯಾಲಿತ್ತು, ಒಬ್ಬರೂ ಹೇಳಲಿಲ್ಲ ನೋಡ್ರಿ."