ಶಾರ್ಜಾ ಸ್ಕೂಲಿಗೆ ರಾಜೀನಾಮೆ ಕೊಟ್ಟು ಪೂರ್ತಿ ಗ್ರಾಚ್ಯುಟಿ ತಗೊಂಡು ಬಂದಿದ್ದು: ನನ್ನ ಅನುಭವ

ಐದು ವರ್ಷ ತುಂಬೋ ಮುಂಚೆ ಬಿಟ್ರೆ ಕೈಗೆ ಚಿಪ್ಪೇ ಅಂತ ಸ್ಟಾಫ್ ರೂಮಲ್ಲಿ ಎಲ್ರೂ ಹೇಳಿದ್ರು. ದಾವಣಗೆರೆಯಿಂದ ಅಣ್ಣ ಫೋನ್ ಮಾಡ್ದಾಗೆಲ್ಲ ಅದೇ, "ಇನ್ನೊಂದ್ ವರ್ಷ ಹಲ್ ಕಚ್ಕೊಂಡು ಇರಮ್ಮ, ಟ್ಯೂಷನ್ ಆಮೇಲ್ ಮಾಡಿದ್ರಾಯ್ತು" ಅಂತ. ನಾನು ನಾಲ್ಕು ವರ್ಷ ಚಿಲ್ಲರೆಗೇ ಬಿಟ್ಟೆ, ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಸಿಗೋ ದುಡ್ಡು, ಪೂರ್ತಿ ತಗೊಂಡೇ ಬಂದೆ. ಈಗ ಗಲ್ಫಲ್ಲಿ ಪಾಠ ಮಾಡ್ತಿರೋ ನಮ್ ಕಡೆಯವರು ಫೋನ್ ಮೇಲೆ ಫೋನ್ ಮಾಡಿ ಹೆಂಗೆ ಅಂತ ಕೇಳ್ತಿದಾರೆ, ಅದಕ್ಕೆ ಬರೀತಿದೀನಿ.

ಅವರೆಲ್ಲ ಹೇಳ್ತಿದ್ದಿದ್ದು ಯುಎಇಯ ಹಳೇ ಕಾನೂನು. ಆಗ ಲಿಮಿಟೆಡ್ ಕಾಂಟ್ರಾಕ್ಟಲ್ಲಿ (ಇಂತಿಷ್ಟು ವರ್ಷ ಅಂತ ಇರೋದು) ಐದು ವರ್ಷದೊಳಗೆ ನಾವಾಗೇ ಬಿಟ್ರೆ ಏನೂ ಇಲ್ಲ, ಅನ್‌ಲಿಮಿಟೆಡ್ (ಅವಧಿ ಇಲ್ಲದ್ದು) ಆದ್ರೆ ಮೂರರಿಂದ ಐದು ವರ್ಷಕ್ಕೆ ಮೂರರಲ್ಲಿ ಎರಡು ಭಾಗ. 2022ರ ಫೆಬ್ರವರಿಯಿಂದ ಅದು ಹೋಯ್ತು, ಒಂದ್ ವರ್ಷ ತುಂಬಿದ್ರೆ ಸಾಕು, ರಿಸೈನ್ ಮಾಡಿದ್ರೂ ಮೊದಲ ಐದು ವರ್ಷದವರೆಗೆ ವರ್ಷಕ್ಕೆ 21 ದಿನದ ಬೇಸಿಕ್ (ಮೂಲ ಸಂಬಳ) ಕೊಡ್ಲೇಬೇಕು. ನನ್ ಬೇಸಿಕ್ 2,200 ದಿರ್ಹಾಮ್ ಹತ್ರ ಇತ್ತು, ಮನೆ ಅಲೋಯನ್ಸ್ ಲೆಕ್ಕಕ್ಕೆ ಬರಲ್ಲ, ಹಂಗಾಗಿ ಆರೂವರೆ ಸಾವಿರದ ಸುಮಾರು ಬರ್ಬೇಕಿತ್ತು, ಆಗಿನ ರೇಟಲ್ಲಿ ನಮ್ ದುಡ್ಡಲ್ಲಿ ಒಂದೂವರೆ ಲಕ್ಷಕ್ಕೆ ಸ್ವಲ್ಪ ಕಮ್ಮಿ.

ರಾಜೀನಾಮೆ ಲೆಟರ್ ಕೊಡೋಕ್ ಮುಂಚೆ ಕ್ರೆಡಿಟ್ ಕಾರ್ಡ್ ಕ್ಲೋಸ್ ಮಾಡಿ. ಫೈನಲ್ ಸೆಟಲ್‌ಮೆಂಟ್ ಅಂತ ಗೊತ್ತಾದ್ರೆ ಬ್ಯಾಂಕಿನವರು ಅಕೌಂಟಲ್ಲಿರೋ ದುಡ್ಡನ್ನೇ ಹಿಡ್ಕೊಂಡ್‌ಬಿಡ್ತಾರೆ. ಬಾಕಿ ಏನೂ ಇಲ್ಲ ಅಂತ ಬ್ಯಾಂಕ್ ಕೊಡೋ ಕ್ಲಿಯರೆನ್ಸ್ ಲೆಟರ್ ಬರೋಕೇ ನನಗೆ ಒಂದೂವರೆ ತಿಂಗಳು ಹಿಡೀತು. ನಮ್ದು ಸಿಬಿಎಸ್‌ಇ, ಮಾರ್ಚಿಗೆ ವರ್ಷ ಮುಗಿಯುತ್ತೆ, ಡಿಸೆಂಬರಲ್ಲಿ ಲೆಟರ್ ಕೊಟ್ರೆ ಮೂರು ತಿಂಗಳ ನೋಟಿಸೂ ಪರೀಕ್ಷೆಯೂ ಒಟ್ಟಿಗೇ ಮುಗಿಯುತ್ತೆ. ಮಕ್ಕಳನ್ನ ನಡುನೀರಲ್ಲಿ ಕೈ ಬಿಟ್ಟು ಬರೋದು ನನ್ನಿಂದ ಆಗಲ್ಲ.

ಆಫೀಸಿನವರು ಮೊದಲು ಕೊಟ್ಟ ಶೀಟಲ್ಲಿ 4,300 ಅಂತಿತ್ತು, ಅದೇ ಹಳೇ ಲೆಕ್ಕ. "ಮೇಡಂ, ಎಲ್ರಿಗೂ ಹಿಂಗೇ ಕೊಟ್ಟಿರೋದು" ಅಂದ್ರು. ನಾನು ಜಗಳ ಆಡ್ಲಿಲ್ಲ, 2021ರ 33ನೇ ನಂಬರಿನ ಕಾನೂನಿನ 51ನೇ ಕಲಂ ಪ್ರಿಂಟ್ ತಗೊಂಡೋಗಿ ಟೇಬಲ್ ಮೇಲಿಟ್ಟೆ. ವಾರ ಕಳೀತು, ಏನೂ ಇಲ್ಲ. ಆಮೇಲೆ ವೀಸಾ ಕ್ಯಾನ್ಸಲ್ ಪೇಪರ್ ತಂದ್ರು. ಅದರಲ್ಲಿ ಅರೇಬಿಕ್ ಸಾಲಿನ ಪಕ್ಕದಲ್ಲೇ ಇಂಗ್ಲಿಷಲ್ಲಿ, ಬರ್ಬೇಕಾದ ಬಾಕಿ ಎಲ್ಲ ಬಂದಿದೆ ಅಂತ ಸಣ್ಣಕ್ಷರದಲ್ಲಿ ಇರುತ್ತೆ, ಕೆಳಗೆ ನಮ್ ಸೈನು. ನನ್ ಜೊತೆ ಇದ್ದ ಕೇರಳದ ಟೀಚರ್ ಒಬ್ರು ಹಿಂದಿನ ವರ್ಷ ನಂಬಿ ಸೈನ್ ಹಾಕಿ ಫ್ಲೈಟ್ ಹತ್ತಿದ್ರು, ದುಡ್ಡು ಇವತ್ತಿಗೂ ಬಂದಿಲ್ಲ. ಇನ್ನೊಬ್ರು ರಜೆಗೆ ಅಂತ ಹೋಗಿ ವಾಪಸ್ಸೇ ಬರ್ಲಿಲ್ಲ, ಈಗ ಎಕ್ಸ್‌ಪೀರಿಯೆನ್ಸ್ ಲೆಟರ್ ಇಲ್ದೆ ಇಂಟರ್‌ವ್ಯೂಗೆ ಅಲೀತಿದಾರೆ. ಅಕೌಂಟಿಗೆ ದುಡ್ಡು ಬಿದ್ಮೇಲೇ ಸೈನ್ ಅಂತ ಹೇಳಿ ಪೇಪರ್ ವಾಪಸ್ ಕೊಟ್ಟೆ. ಅಕೌಂಟೆಂಟ್ ಹತ್ರ ಇನ್ನೊಂದು ಮಾತೂ ಹೇಳಿದೆ, ಅದನ್ನ ಇಲ್ಲಿ ಬರೆಯಲ್ಲ, ಎರಡೇ ದಿನಕ್ಕೆ ಪೂರ್ತಿ ದುಡ್ಡು ಬಂತು. ಉಳಿದ ರಜೆ ದುಡ್ಡೂ ಸೇರಿ. ಅದಾದ್ಮೇಲೆ ಇನ್ನಿಬ್ರು ಟೀಚರ್‌ಗಳಿಗೂ ಹೊಸ ಲೆಕ್ಕದಲ್ಲೇ ಕೊಟ್ರು, ನನಗೆ ಅದೇ ಹೆಚ್ಚು ಖುಷಿ.

ನಾನು ಬಿಟ್ಟು ಹೋಗ್ತಿದೀನಿ ಅಂತ ಮಕ್ಕಳಿಗೆ ಹೇಳೋ ವಿಷಯದಲ್ಲಿ ಒಂದು ಪ್ರಯೋಗ ಮಾಡಿ ನೋಡ್ದೆ. ಒಂಬತ್ತನೇ ಕ್ಲಾಸಿಗೆ ತಿಂಗಳು ಮುಂಚೆ ಹೇಳಿದೆ, ಏಳನೇ ಕ್ಲಾಸಿಗೆ ಕೊನೇ ವಾರ. ಒಂಬತ್ತರವರು ಟೆಸ್ಟಲ್ಲಿ ಕುಸಿದ್ರು, ಪೇರೆಂಟ್ಸ್ ಸೂಪರ್‌ವೈಸರಿಗೆ ಫೋನ್ ಮಾಡೋಕೆ ಶುರು ಮಾಡಿದ್ರು. ಏಳರವರು ಎರಡು ದಿನ ಅತ್ತು ಪರೀಕ್ಷೆ ಚೆನ್ನಾಗಿ ಬರೆದ್ರು. ನನ್ ಪ್ರಕಾರ ಕೊನೇ ವಾರವೇ ಸರಿ. ಒಂದೊಂದು ಮಗುವಿಗೂ ಅದಕ್ಕೆ ಕಷ್ಟ ಆಗ್ತಿದ್ದ ಒಂದು ಲೆಕ್ಕ ಚೀಟೀಲಿ ಬರೆದು ಕೊಟ್ಟೆ, ಉತ್ತರ ಬರೆಯದೆ. ಒಬ್ಬ ಹುಡುಗ ಮೊನ್ನೆ ಭಿನ್ನರಾಶಿ ಬಿಡಿಸಿ ಫೋಟೋ ಕಳಿಸಿದಾನೆ, ಸರಿಯಾಗೇ ಇತ್ತು! ಹೊಸ ಟೀಚರಿಗೆ ಯಾರು ಗುಣಾಕಾರದಲ್ಲಿ ತಡವರಿಸ್ತಾರೆ, ಯಾರು ಕೇಳೋಕೆ ಹೆದರ್ತಾರೆ ಅಂತ ಒಂದು ನೋಟ್‌ಬುಕ್ ತುಂಬ ಬರೆದು ಕೊಟ್ಟು ಬಂದೆ.

ಎಕ್ಸ್‌ಪೀರಿಯೆನ್ಸ್ ಲೆಟರಲ್ಲಿ ಬರೀ ಟೀಚರ್ ಅಂತ ಬರೆಸ್ಕೋಬೇಡಿ, ಯಾವ ವಿಷಯ, ಯಾವ್ಯಾವ ಕ್ಲಾಸು ಎಲ್ಲ ಇರ್ಲಿ, ಅಲ್ಲೇ ವಿದೇಶಾಂಗ ಇಲಾಖೆ ಸೀಲ್ ಹಾಕಿಸ್ಕೊಂಡೇ ಬನ್ನಿ, ಇಲ್ಲಿ ಬಂದ್ಮೇಲೆ ಹಾಕಿಸೋದು ದೊಡ್ಡ ತಲೆನೋವು. ಪುಸ್ತಕ ಹಡಗಿನ ಕಾರ್ಗೋಲಿ ಕಳ್ಸಿದ್ದೆ, ಎರಡು ತಿಂಗಳಾಯ್ತು, ಒಂದು ಬಾಕ್ಸ್ ನೆಂದು ಬಂತು. ಊರಿಗೆ ಬಂದು ನೆಲೆಸಿದ್ಮೇಲೆ ಎನ್‌ಆರ್‌ಇ ಅಕೌಂಟನ್ನ (ಹೊರದೇಶದಲ್ಲಿರೋ ನಮ್ಮವರಿಗೆ ಇಲ್ಲಿನ ಬ್ಯಾಂಕ್ ಕೊಡೋದು) ಮಾಮೂಲಿ ಅಕೌಂಟಿಗೆ ಬದಲಾಯಿಸ್ಬೇಕು, ಅದನ್ನ ಮುಂದೂಡ್ಬೇಡಿ.

ಗ್ರಾಚ್ಯುಟಿ ದುಡ್ಡಲ್ಲಿ ವಿದ್ಯಾನಗರದಲ್ಲಿ ಒಂದು ರೂಮಿಗೆ ಅಡ್ವಾನ್ಸ್, ಬೆಂಚು, ಬೋರ್ಡು ಎಲ್ಲ ಆಗಿ ಇನ್ನೂ ಸ್ವಲ್ಪ ಉಳೀತು. ಎಸ್‌ಎಸ್‌ಎಲ್‌ಸಿ ಗಣಿತದ ಮೊದಲ ಬ್ಯಾಚ್ ನಡೀತಿದೆ, ಅಣ್ಣನ ಮಗಳೂ ಅದ್ರಲ್ಲೇ ಇದಾಳೆ.