ಕಂಟ್ರೋಲರ್ ಇಲ್ಲದೆ ಎಆರ್‌ಜಿಬಿ ಫ್ಯಾನ್ ಜೋಡಿಸುವುದು
ಶಿವಮೊಗ್ಗ, ಸಾಗರದ ಕಡೆ ಹೊಸದಾಗಿ ಪಿಸಿ ಕಟ್ಟುತ್ತಿರುವವರೇ, ಎಆರ್‌ಜಿಬಿ ಫ್ಯಾನ್‌ಗೆಂದು (ಬಣ್ಣ ಬದಲಿಸುವ ಎಲ್‌ಇಡಿ ಲೈಟಿರುವ ಫ್ಯಾನ್) ಸುಮ್ನೆ ಕಂಟ್ರೋಲರ್ (ಲೈಟನ್ನು ನಿಯಂತ್ರಿಸುವ ಡಬ್ಬಿ) ಕೊಳ್ಳಬೇಡಿ. ಮದರ್‌ಬೋರ್ಡಿನಲ್ಲಿ 5 ವೋಲ್ಟಿನ 3 ಪಿನ್ ಹೆಡರ್ (ಕೇಬಲ್ ಚುಚ್ಚುವ ಪಿನ್ನುಗಳ ಜಾಗ) ಇದ್ದರೆ, ಒಂದೇ ಹೆಡರಿಗೆ ಹಲವು ಫ್ಯಾನ್ ಜೋಡಿಸುವ ಒಂದು ಎಆರ್‌ಜಿಬಿ ಸ್ಪ್ಲಿಟರ್ ಕೇಬಲ್ ಸಾಕು. ಲೈಟಿಗೆ ಬೇಕಾದ ಕರೆಂಟ್, ಡೇಟಾ ಎರಡೂ ಆ ಹೆಡರಿನಿಂದಲೇ ಬರುತ್ತವೆ. ಬಣ್ಣವನ್ನು ಬೋರ್ಡಿನ ಸಾಫ್ಟ್‌ವೇರ್‌ನಲ್ಲೇ ಬದಲಿಸಬಹುದು. ಫ್ಯಾನ್ ತಿರುಗುವ ವೈರು ಬೇರೆ, ಅದನ್ನು ಫ್ಯಾನ್ ಹೆಡರಿಗೇ ಹಾಕಿ. ದಯವಿಟ್ಟು ಒಂದು ವಿಷಯ ಮರೆಯಬೇಡಿ: ಪಕ್ಕದಲ್ಲೇ 12 ವೋಲ್ಟಿನ 4 ಪಿನ್ ಆರ್‌ಜಿಬಿ ಹೆಡರ್ ಇರಬಹುದು. ಅದಕ್ಕೆ ಚುಚ್ಚಿದರೆ ಎಲ್‌ಇಡಿ ಸುಟ್ಟೇ ಹೋಗುತ್ತದೆ. ಕನೆಕ್ಟರಿನ ಬಾಣದ ಗುರುತು 5 ವೋಲ್ಟ್ ಪಿನ್ ಕಡೆಗಿರಲಿ. ಸ್ಪ್ಲಿಟರ್ ಹಾಕಿದರೆ ಎಲ್ಲ ಫ್ಯಾನ್‌ಗಳೂ ಒಂದೇ ಥರ ಬೆಳಗುತ್ತವೆ. ಒಂದೊಂದಕ್ಕೆ ಒಂದೊಂದು ಬಣ್ಣ ಬೇಕೆಂದರೆ ಇದು ಆಗುವುದಿಲ್ಲ. ತುಂಬಾ ಬೋರ್ಡುಗಳಲ್ಲಿ ಒಂದು ಹೆಡರಿನ ಮಿತಿ 3 ಆಂಪಿಯರ್, ಜಾಸ್ತಿ ಫ್ಯಾನ್ ಇದ್ದರೆ ಮೊದಲು ಅವುಗಳ ಲೈಟಿನ ಆಂಪಿಯರ್ ಕೂಡಿ ನೋಡಿ. ಕಂಪನಿಯದ್ದೇ ಬೇರೆ ನಮೂನೆಯ ಪ್ಲಗ್ ಇರುವ ಫ್ಯಾನ್‌ಗೂ ಈ ದಾರಿ ನಡೆಯದು. ನಮ್ಮ ಮಳೆಗಾಲದ ಥಂಡಿಗೆ ಪಿನ್ನಿಗೆ ಕಿಲುಬು ಹಿಡಿಯಬಹುದು. ಲೈಟು ಮಿಣುಕಿದರೆ ಪವರ್ ಪೂರ್ತಿ ತೆಗೆದು, ಕನೆಕ್ಟರ್ ಬಿಚ್ಚಿ ಮತ್ತೆ ಒತ್ತಿ ಕೂರಿಸಿ.